ಮೂಸಿಯ ಪ್ರವಾಹವೂ ಜಲಾನಯನ ರಕ್ಷಣೆಯೂ

ಹೈದರಾಬಾದಿನ ಬೇಗಂ ಬಜಾರು ಮೂಸಿ ನದಿಯ ಉತ್ತರ ದಂಡೆಗೆ ಸಮೀಪವಾಗಿ ಬೆಳೆದ ವರ್ತಕರ ಪೇಟೆ. ಎರಡನೆಯ ಆಸಫ್ ಜಾಹ್ ನಿಜಾಮ್ ಅಲಿಖಾನನ ಪತ್ನಿ ಹುಮ್ದಾ ಬೇಗಂ ವ್ಯಾಪಾರಿಗಳಿಗೆ ಕೊಟ್ಟ ನೆಲದಲ್ಲಿ ಇದು ನೆಲೆಗೊಂಡಿತೆಂದು ಪ್ರತೀತಿಯುಂಟು. 1908ರ ಸೆಪ್ಟೆಂಬರ್ 28ರಂದು ಈ ಪೇಟೆಯೂ ಪಕ್ಕದ ಅಫ್ಜಲ್‌ಗಂಜ್, ಕೋಲ್ಸಾವಾಡಿಗಳೂ ಮೂಸಿಯ ಪ್ರವಾಹಕ್ಕೆ ತುತ್ತಾದುವು. ಸಾವಿರಾರು ಮಂದಿ ಅಸುನೀಗಿದರು. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಹುಣಿಸೆಯ ಮರವೊಂದನ್ನು ಏರಿ ಸುಮಾರು 150 ಜನ ಬದುಕಿಕೊಂಡರೆಂಬ ಸಂಗತಿಯನ್ನು ನಗರ ಇಂದಿಗೂ ನೆನೆಯುತ್ತದೆ. ಪಟ್ಟಣದ ನೀರನ್ನು ಕಾಯಬೇಕಾದರೆ ಯಾವ ನೆಲವನ್ನು ಕಾಯಬೇಕು, ಆ ಕಾವಲಿನ ವೆಚ್ಚವನ್ನು ಯಾರು ಹೊರಬೇಕು ಎಂಬ ಎರಡು ಪ್ರಶ್ನೆಗಳು ಆ ದಿನದ ಅನಾಹುತದಿಂದ ಹುಟ್ಟಿದುವು. ಮೊದಲನೆಯದಕ್ಕೆ ಉತ್ತರ ದೊರೆತಿದೆ. ಎರಡನೆಯದಕ್ಕೆ ಇನ್ನೂ ದೊರೆತಿಲ್ಲ.

ಮೊದಲನೆಯದಕ್ಕೆ ಉತ್ತರವನ್ನು ಅರಸಿದವರು ಕನ್ನಡ ನಾಡಿನ ಎಂಜಿನಿಯರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಮುಂಬಯಿ ಸರ್ಕಾರದ ಸೇವೆಯಿಂದ ಬಿಡುಗಡೆ ಹೊಂದಿ ಯೂರೋಪಿನಲ್ಲಿ ಪ್ರವಾಸದಲ್ಲಿದ್ದ ಅವರನ್ನು ನಿಜಾಮ್ ಸರ್ಕಾರ ಆಹ್ವಾನಿಸಿತು. 1909ರ ಏಪ್ರಿಲಿನಲ್ಲಿ ಅವರು ಕಾರ್ಯಭಾರ ವಹಿಸಿಕೊಂಡು, ಅದೇ ವರ್ಷದ ಅಕ್ಟೋಬರಿನಲ್ಲಿ ವರದಿಯನ್ನೊಪ್ಪಿಸಿದರು. ನಗರದಿಂದ ಮೇಲಕ್ಕೆ ಮೂಸಿಯ ಜಲಾನಯನದ ವಿಸ್ತಾರ ಸುಮಾರು 860 ಚದರ ಮೈಲಿ. ಅದರಲ್ಲಿದ್ದ ಕೆರೆಗಳು 788. ಅವುಗಳಲ್ಲಿ 221 ಒಡೆದಿದ್ದುವು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಬಿದ್ದಿತ್ತು. ಮೇಲಿನ ಕೆರೆ ಒಡೆದರೆ ಕೆಳಗಿನದು ತಾಳದೆಂಬುದು ರೈತರಿಗೆ ತಿಳಿಯದ ಸಂಗತಿಯೇನಲ್ಲ. ಬೇಗಂ ಬಜಾರಿನ ಅಂಗಡಿಗಳ ಭವಿಷ್ಯ ಪಟ್ಟಣದ ಎಲ್ಲೆಯಾಚೆಯ ಹಳ್ಳಿಗಳ ಕೆರೆ ಏರಿಗಳ ಮೇಲೆ ನಿಂತಿದೆಯೆಂಬುದನ್ನು ಈ ಅಂಕಿಗಳು ಸ್ಥಾಪಿಸಿದುವು.

ಈ ವರದಿಯ ಫಲವಾಗಿ ಮೂಸಿಗೆ ಅಡ್ಡಲಾಗಿ ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿಯೂ, ಉಪನದಿಯಾದ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡುವು. ಪ್ರವಾಹವನ್ನು ತಡೆಯುವುದೂ ನಗರಕ್ಕೆ ಕುಡಿಯುವ ನೀರನ್ನೊದಗಿಸುವುದೂ ಇವುಗಳ ಉದ್ದೇಶವಾಗಿದ್ದಿತು. ಆದರೆ ಕಟ್ಟೆ ನೀರನ್ನು ತಡೆದೀತೇ ಹೊರತು ಸೃಷ್ಟಿಸಲಾರದು. ನಗರ ಪಶ್ಚಿಮಾಭಿಮುಖವಾಗಿ ಬೆಳೆದಂತೆ, ಜಲಾಶಯಗಳಿಗೆ ನೀರುಣಿಸುವ ಹಳ್ಳಕೊಳ್ಳಗಳಿಗೆ ಆತಂಕ ಒದಗಿತು.

ತಜ್ಞರ ಸಮಿತಿಯ ಸಲಹೆಯಂತೆ ಆಂಧ್ರಪ್ರದೇಶ ಸರ್ಕಾರ 1994ರಲ್ಲಿ ನಿರ್ಬಂಧಗಳನ್ನು ವಿಧಿಸಿತು. 1996ರ ಮಾರ್ಚ್ 8ರಂದು ಅವನ್ನು ಪರಿಷ್ಕರಿಸಿ 111ನೆಯ ಸಂಖ್ಯೆಯ ಆಜ್ಞೆಯನ್ನು ಹೊರಡಿಸಿತು. ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರುಗಳೊಳಗೆ ಮಾಲಿನ್ಯಕರ ಕೈಗಾರಿಕೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳು ನಿಷಿದ್ಧವಾದುವು. 84 ಗ್ರಾಮಗಳ ಸುಮಾರು 1,32,000 ಎಕರೆ ನೆಲ ಇದರ ವ್ಯಾಪ್ತಿಗೆ ಬಂದಿತು.

ಆಜ್ಞೆಯನ್ನು ಹೊರಡಿಸಿದುದು ಸರ್ಕಾರವಾದರೂ ಅದನ್ನು ಕಾಪಾಡುವ ಭಾರ ನಾಗರಿಕರ ಮೇಲೆ ಬಿದ್ದಿತು. ಮರುವರ್ಷವೇ, 1997ರಲ್ಲಿ, ಅದೇ ಸರ್ಕಾರ ನಿಷಿದ್ಧ ವಲಯದಲ್ಲಿ ನೆಲೆಯೂರಬಯಸಿದ ಎಣ್ಣೆ ಉದ್ಯಮವೊಂದಕ್ಕೆ ವಿನಾಯಿತಿ ಕೊಟ್ಟಿತು. ಮಾಲಿನ್ಯ ನಿಯಂತ್ರಣ ಮಂಡಲಿ ಒಪ್ಪಿಗೆಯನ್ನು ನಿರಾಕರಿಸಿತು. ಪರಿಸರ ಮತ್ತು ಜೀವನಮಟ್ಟದ ರಕ್ಷಣೆಗೆಂದು ಏರ್ಪಟ್ಟಿದ್ದ ನಾಗರಿಕ ಸಂಘವೊಂದು ನ್ಯಾಯಾಲಯದ ಮೆಟ್ಟಲೇರಿತು. 2000ದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿನಾಯಿತಿಯನ್ನು ಎತ್ತಿಹಿಡಿಯಲಿಲ್ಲ. ಕುಡಿಯುವ ನೀರು ಜೀವಿಸುವ ಹಕ್ಕಿಗೆ ಮೂಲವಾದುದೆಂದೂ ಶುದ್ಧಜಲವನ್ನೊದಗಿಸುವುದು ರಾಜ್ಯದ ಕರ್ತವ್ಯವೆಂದೂ ಸಾರಿತು. ಒಂದು ನಗರದ ಕೆರೆಯ ವ್ಯಾಜ್ಯ ಇಡೀ ದೇಶಕ್ಕೆ ಅನ್ವಯಿಸುವ ನ್ಯಾಯಸೂತ್ರವಾಯಿತು.

ರಕ್ಷಣೆಯ ಕಲ್ಪನೆ ನೀರಿನಿಂದ ಮರಗಳಿಗೂ ವಿಸ್ತರಿಸಿತು. ಹೈದರಾಬಾದಿನಿಂದ ವಿಜಾಪುರದತ್ತ ಸಾಗುವ ಹೆದ್ದಾರಿ ಇದೇ ಪ್ರದೇಶದ ಮೊಯಿನಾಬಾದು, ಚೇವೆಳ್ಳಗಳನ್ನು ಹಾಯ್ದು ಹೋಗುತ್ತದೆ. ಈ ಹಾದಿಯ ಇಕ್ಕೆಲಗಳ ಸುಮಾರು 900 ಆಲದ ಮರಗಳು ರಸ್ತೆಯ ವಿಸ್ತರಣೆಗೆ ಬಲಿಯಾಗಬಾರದೆಂದು, ಪ್ರಸಕ್ತ ಶತಮಾನದ ಎರಡನೆಯ ಮತ್ತು ಮೂರನೆಯ ದಶಕಗಳ ಸಂಧಿಯಲ್ಲಿ, ಪ್ರಕೃತಿಪ್ರಿಯರು ಮರಗಳನ್ನು ಎಣಿಸಿ, ಗುರುತಿಸಿ, ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯವರೆಗೆ ಹೋದರು. ವಿಶ್ವೇಶ್ವರಯ್ಯನವರು ಕೆರೆಗಳನ್ನು ಎಣಿಸಿದಂತೆ ಇವರು ಮರಗಳನ್ನು ಎಣಿಸಿದರು. ಎಣಿಕೆಯಿಲ್ಲದ ಮೊರೆಗೆ ಕಚೇರಿಗಳಲ್ಲಿ ಬೆಲೆಯಿಲ್ಲವೆಂಬುದನ್ನು ಅವರು ಅರಿತಿದ್ದರು.

ಆದರೆ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯಿತು. ಸುತ್ತಣ ಊರುಗಳಲ್ಲಿ ಭೂಮಿಯ ಬೆಲೆ ಹಲವು ಮಡಿ ಏರುತ್ತಿದ್ದಾಗ, ನಿರ್ಬಂಧಕ್ಕೊಳಗಾದ ಗ್ರಾಮಗಳ ರೈತನ ಹೊಲಕ್ಕೆ ಆ ಬೆಲೆ ದೊರೆಯಲಿಲ್ಲ. ನೀರು ಕುಡಿದುದು ಪಟ್ಟಣ, ನಷ್ಟವುಂಡುದು ಹಳ್ಳಿ. ಇತ್ತ ಬೀದರಿನ ನೆಲವನ್ನು ಹಾಯ್ದು ಬರುವ ಮಂಜೀರಾ, ಅನಂತರ ಕೃಷ್ಣಾ, ಗೋದಾವರಿಗಳ ನೀರು ನಗರಕ್ಕೆ ಒದಗಿದ ಮೇಲೆ, ಹಳೆಯ ಜಲಾಶಯಗಳ ಅಗತ್ಯವೇ ತೀರಿತೆಂಬ ವಾದ ಬಲವಾಯಿತು. ತೆಲಂಗಾಣ ಸರ್ಕಾರ 2022ರ ಏಪ್ರಿಲಿನಲ್ಲಿ 69ನೆಯ ಆಜ್ಞೆಯ ಮೂಲಕ ನಿರ್ಬಂಧಗಳನ್ನು ತೆಗೆಯಿತು. 2023ರ ಮೇ ತಿಂಗಳಲ್ಲಿ ಮಂತ್ರಿಮಂಡಲ ಹಳೆಯ ಆಜ್ಞೆಯನ್ನು ಸಂಪೂರ್ಣವಾಗಿ ರದ್ದುಗೊಳಿಸುವ ನಿರ್ಧಾರವನ್ನು ಪ್ರಕಟಿಸಿತು. ಪರಿಸರವಾದಿಗಳು ಪ್ರತಿಭಟಿಸಿದರು, ಹಳ್ಳಿಗಳಲ್ಲಿ ಅನೇಕರು ಸಂತೋಷಪಟ್ಟರು. ಆ ಸಂತೋಷವನ್ನು ಕೇವಲ ದುರಾಶೆಯೆಂದು ತಳ್ಳಿಹಾಕುವುದು ಇತಿಹಾಸಕ್ಕೆ ನ್ಯಾಯವೆನಿಸದು.

ಹಳೆಯ ಜಲಾಶಯಗಳ ಕೆಲಸ ಕುಡಿಯುವ ನೀರಿನೊಡನೆ ಮುಗಿಯುವುದಿಲ್ಲವೆಂಬುದಕ್ಕೆ 2025ರ ಸೆಪ್ಟೆಂಬರ್ ಕೊನೆಯ ವಾರ ಸಾಕ್ಷಿ. ಭಾರಿ ಮಳೆಯಿಂದ ತುಂಬಿದ ಎರಡೂ ಸಾಗರಗಳ ಬಾಗಿಲುಗಳನ್ನು ತೆರೆಯಬೇಕಾಯಿತು. ಬೇಗಂ ಬಜಾರಿಗೆ ಅನತಿದೂರದ ಮಹಾತ್ಮಾ ಗಾಂಧಿ ಬಸ್ಸು ನಿಲ್ದಾಣಕ್ಕೆ ಮೂಸಿ ನುಗ್ಗಿತು. 1908ರ ಪ್ರವಾಹಕ್ಕೆ ಆಗ 117 ವರ್ಷಗಳು ತುಂಬುತ್ತಿದ್ದುವು.

ನಾಗರಿಕ ಚಳವಳಿಗಳ ಶ್ರಮದಿಂದ ಈ ಜಲಾನಯನಕ್ಕೆ ಕಾಲು ಶತಮಾನದ ರಕ್ಷಣೆ ಲಭಿಸಿತು. ಆ ರಕ್ಷಣೆಯಲ್ಲಿ ಗ್ರಾಮಸ್ಥರಿಗೆ ಪಾಲು ದೊರೆಯದ ಕಾರಣ ಅದರ ಬುನಾದಿ ದುರ್ಬಲವಾಯಿತು. ನೆಲವನ್ನು ಕಾಯುವ ರೈತನಿಗೆ ನೀರು ಕುಡಿಯುವ ನಗರ ಪ್ರತಿಫಲ ಕೊಡುವ ಏರ್ಪಾಡು ಆಗುವವರೆಗೆ, ಒಂದು ಆಜ್ಞೆ ಕೊಟ್ಟುದನ್ನು ಇನ್ನೊಂದು ಆಜ್ಞೆ ಕಸಿದುಕೊಳ್ಳುತ್ತಲೇ ಇರುವುದು.