ನಾಲ್ಕನೆಯ ಶತಮಾನದ ಜೆರುಸಲೇಮಿನಲ್ಲಿ ಈಸ್ಟರ್ ಆಚರಣೆ

ಕ್ರೈಸ್ತರ ಹಬ್ಬಗಳಲ್ಲಿ ನಮ್ಮ ಜನಕ್ಕೆ ಹೆಚ್ಚು ಪರಿಚಿತವಾದುದು ಕ್ರಿಸ್ಮಸ್. ಆದರೆ ಆ ಧರ್ಮದ ಆಚರಣೆಗಳ ಇತಿಹಾಸವನ್ನು ಅವಲೋಕಿಸಿದರೆ, ಪ್ರಾಚೀನತೆಯಲ್ಲಿಯೂ ಮಹತ್ತ್ವದಲ್ಲಿಯೂ ಅಗ್ರಸ್ಥಾನವು ಈಸ್ಟರಿಗೆ ಸಲ್ಲತಕ್ಕದ್ದೆಂಬುದು ಸ್ಪಷ್ಟವಾಗುತ್ತದೆ. ಶಿಲುಬೆಯ ಮೇಲೆ ಪ್ರಾಣವನ್ನು ನೀಗಿದ ಯೇಸುಕ್ರಿಸ್ತನು ಮೂರನೆಯ ದಿನ ಎದ್ದುಬಂದನೆಂಬ ನಂಬಿಕೆಯೇ ಆ ಧರ್ಮದ ತಾಯಿಬೇರು. ಈಸ್ಟರ್ ಒಂದು ದಿನಕ್ಕೆ ಮುಗಿಯುವ ಹಬ್ಬವೂ ಅಲ್ಲ. ಪುನರುತ್ಥಾನದ ಭಾನುವಾರದಿಂದ ಮೊದಲ್ಗೊಂಡು ಪಂಚಾಶತ್ತಮ ದಿನದವರೆಗಿನ ಐವತ್ತು ದಿನಗಳೂ ಸೇರಿ ಒಂದೇ ಮಹೋತ್ಸವ. ಈ ದಿನಗಳಲ್ಲಿ ಮೊಣಕಾಲೂರದೆ ನಿಂತುಕೊಂಡೇ ಪ್ರಾರ್ಥಿಸಬೇಕೆಂದು 325ರ ನೈಸೀಯ ಮಹಾಸಭೆ ವಿಧಿಸಿತು. ಮೇಲೆದ್ದವನ ಹಬ್ಬದಲ್ಲಿ ಭಕ್ತನೂ ಎದ್ದು ನಿಂತಿರಬೇಕೆಂಬುದು ಅದರ ಅಭಿಪ್ರಾಯ.

ಉಪವಾಸದ ದಿನಗಳಲ್ಲಿ ಏನು ಮಾಡಬೇಕೆಂಬುದು ಎಲ್ಲರಿಗೂ ತಿಳಿದಿರುತ್ತದೆ. ಹಬ್ಬ ಬಂದ ಮೇಲೆ ಏನು ಮಾಡಬೇಕು? ವ್ರತ ಮುಗಿದು, ದೀಕ್ಷೆ ದೊರೆತು, ದೀಪಗಳೆಲ್ಲ ಬೆಳಗಿದ ಮೇಲೆ ಸಾಧಕನ ಪಾಲಿಗೆ ಉಳಿಯುವ ಕೆಲಸ ಯಾವುದು? ಈ ಪ್ರಶ್ನೆಗೆ ನಾಲ್ಕನೆಯ ಶತಮಾನದ ಜೆರುಸಲೇಮಿನ ಸಭೆ ಕೊಟ್ಟ ಉತ್ತರ ವಿಚಾರಾರ್ಹವಾಗಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಹಬ್ಬದ ದಿನದ ವಿಷಯ. ಏಷ್ಯಾಮೈನರಿನ ಕ್ರೈಸ್ತರು ಯೆಹೂದ್ಯರ ಪಂಚಾಂಗದ ನಿಸಾನ್ ಮಾಸದ ಹದಿನಾಲ್ಕನೆಯ ದಿನ, ವಾರ ಯಾವುದೇ ಇರಲಿ, ಪಾಸ್ಖವನ್ನು ಆಚರಿಸುತ್ತಿದ್ದರು. ರೋಮಿನವರು ಭಾನುವಾರವನ್ನೇ ಹಿಡಿದರು. ಎರಡನೆಯ ಶತಮಾನದ ಮಧ್ಯಭಾಗದಲ್ಲಿ ಸ್ಮಿರ್ನದ ವೃದ್ಧ ಬಿಷಪ್ ಪಾಲಿಕಾರ್ಪನು ರೋಮಿಗೆ ಹೋಗಿ ಅಲ್ಲಿಯ ಅನಿಸೀಟಸನೊಡನೆ ಈ ಕುರಿತು ಚರ್ಚಿಸಿದನು. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲಾಗಲಿಲ್ಲ, ಆದರೂ ಸ್ನೇಹದಿಂದಲೇ ಬೀಳ್ಕೊಂಡರು. ಮುಂದೆ ಎಲ್ಲರೂ ಒಂದೇ ದಿನ ಆಚರಿಸಬೇಕೆಂದು ನೈಸೀಯ ಸಭೆ ನಿರ್ಣಯಿಸಿತು. ವಸಂತಕಾಲದ ಸಮರಾತ್ರಿಯ ನಂತರ ಬರುವ ಹುಣ್ಣಿಮೆ, ಅದರ ಮುಂದಿನ ಭಾನುವಾರ ಎಂಬುದು ರೂಢಿಗೆ ಬಂದ ಲೆಕ್ಕ. 1582ರ ಪಂಚಾಂಗ ಪರಿಷ್ಕರಣದಿಂದ ಪೂರ್ವ ಪಶ್ಚಿಮಗಳ ದಿನಗಳು ಮತ್ತೆ ಬೇರೆಯಾದುವು. ನೈಸೀಯ ಸಭೆಗೆ 1700 ವರ್ಷ ತುಂಬಿದ 2025ರಲ್ಲಿ ಎರಡೂ ಏಪ್ರಿಲ್ 20ರಂದೇ ಕೂಡಿಬಂದುದು ಒಂದು ವಿಶೇಷ.

ನೈಸೀಯ ಸಭೆಯ ಅನಂತರದ ತಲೆಮಾರುಗಳಲ್ಲಿ ಈ ಹಬ್ಬ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಸುವ ಮುಖ್ಯ ಆಧಾರ ಓರ್ವ ಸ್ತ್ರೀಯ ಬರವಣಿಗೆಯೆಂಬುದು ಗಮನಾರ್ಹ. ಎಗೇರಿಯಾ ಎಂಬ ಈ ಸಾಧ್ವಿ ಯೂರೋಪಿನ ಪಶ್ಚಿಮ ಭಾಗದಿಂದ ಹೊರಟು, 381ರಿಂದ 384ರವರೆಗೆ ಪೂರ್ವದೇಶದ ಪುಣ್ಯಕ್ಷೇತ್ರಗಳನ್ನು ಸಂಚರಿಸಿ, ತಾನು ಕಂಡುದನ್ನು ಊರಿನಲ್ಲಿದ್ದ ತನ್ನ ಸೋದರಿಯರಿಗೆ ಲ್ಯಾಟಿನ್ ಭಾಷೆಯಲ್ಲಿ ಬರೆದು ತಿಳಿಸಿದಳು. ಪಂಡಿತರ ಶೈಲಿ ಆಕೆಯದಲ್ಲ. ಆಡುವ ಮಾತಿಗೆ ಹತ್ತಿರವಾದುದು. ಶತಮಾನಗಳ ಕಾಲ ಮರೆಯಾಗಿದ್ದ ಈ ಕೃತಿಯ ಒಂದು ಪ್ರತಿ, ಮೊದಲೂ ಕೊನೆಯೂ ಇಲ್ಲದ ಸ್ಥಿತಿಯಲ್ಲಿ, 1884ರಲ್ಲಿ ಇಟಲಿಯ ಅರೆಜ್ಜೊ ನಗರದಲ್ಲಿ ಗಮುರ್ರೀನಿ ಎಂಬ ವಿದ್ವಾಂಸರ ಕಣ್ಣಿಗೆ ಬಿದ್ದಿತು. ಓಲೆಗರಿಗಳ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಆ ಸಂತೋಷದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಆಕೆ ಕಂಡ ಜೆರುಸಲೇಮು ಹೊಸದಾಗಿ ಕಟ್ಟಿದ ಕ್ಷೇತ್ರ. ಸಾಮ್ರಾಟ ಕಾನ್‌ಸ್ಟಂಟೈನನ ಆಜ್ಞೆಯಂತೆ ಹಳೆಯ ರೋಮನ್ ದೇಗುಲವೊಂದನ್ನು ತೆಗೆದು, ಯೇಸುವಿನ ಸಮಾಧಿಯೆಂದು ನಂಬಲಾದ ಗುಹೆಯ ಬಳಿ ಮಹಾದೇವಾಲಯವನ್ನು ಕಟ್ಟಿ 335ರಲ್ಲಿ ಪ್ರತಿಷ್ಠಾಪಿಸಲಾಗಿತ್ತು. ‘ಮಾರ್ಟೀರಿಯಂ’ ಎಂಬ ವಿಶಾಲ ಸಭಾಮಂದಿರ, ಶಿಲುಬೆಯ ಸ್ಥಾನವಾದ ಗೊಲ್ಗೊಥಾ ಬಂಡೆಯುಳ್ಳ ಅಂಗಳ, ಸಮಾಧಿಯ ಸುತ್ತಲಿನ ವರ್ತುಲಾಕಾರದ ‘ಅನಾಸ್ತಾಸಿಸ್’, ಅರ್ಥಾತ್ ಪುನರುತ್ಥಾನ ಮಂದಿರ — ಇವು ಅದರ ಅಂಗಗಳು. ಯಾವ ಘಟನೆ ಎಲ್ಲಿ ನಡೆಯಿತೋ ಅಲ್ಲಿಯೇ, ಅದೇ ದಿನ, ಅದೇ ಹೊತ್ತಿಗೆ ಅದಕ್ಕೆ ತಕ್ಕ ಶಾಸ್ತ್ರಭಾಗವನ್ನು ಓದುತ್ತಿದ್ದರೆಂಬುದನ್ನು ಎಗೇರಿಯಾ ಪದೇ ಪದೇ ಬೆರಗಿನಿಂದ ಉಲ್ಲೇಖಿಸುತ್ತಾಳೆ.

ದೀಕ್ಷಾಸ್ನಾನವನ್ನು ಬಯಸಿ ಬಂದವರ ಸಿದ್ಧತೆ ಬಹು ಮುಂಚಿನಿಂದಲೇ ಆರಂಭವಾಗುತ್ತಿತ್ತು. ಶನಿವಾರ ಭಾನುವಾರಗಳನ್ನು ಬಿಟ್ಟು ಉಪವಾಸ ಮಾಡುತ್ತಿದ್ದುದರಿಂದ ಅಲ್ಲಿಯ ವ್ರತಕಾಲ ಎಂಟು ವಾರಗಳದು. ಹೆಸರು ಬರೆಯಿಸಿದವರ ವಿಷಯವಾಗಿ ಬಿಷಪ್ಪನು ನೆರೆಹೊರೆಯವರನ್ನೇ ವಿಚಾರಿಸುತ್ತಿದ್ದನು: ಈತನ ನಡತೆ ಹೇಗೆ, ತಂದೆತಾಯಿಗಳನ್ನು ಗೌರವಿಸುತ್ತಾನೆಯೆ, ಕುಡುಕನೋ ಸುಳ್ಳುಗಾರನೋ ಆಗಿರುವನೆ ಎಂದು. ನಡತೆ ನೇರವಾಗಿದ್ದವರಿಗೆ ಮಾತ್ರ ಪ್ರವೇಶ. ಅನಂತರ ಪ್ರತಿದಿನ ಬೆಳಗ್ಗೆ ಮೂರು ಗಂಟೆಗಳ ಪಾಠ. ಆದಿಕಾಂಡದಿಂದ ಹಿಡಿದು ಶಾಸ್ತ್ರದ ಉದ್ದಕ್ಕೂ ಮೊದಲು ಮಾತಿನ ಅರ್ಥ, ಆಮೇಲೆ ಒಳ ಅರ್ಥ. ಐದು ವಾರಗಳ ನಂತರ ವಿಶ್ವಾಸಪ್ರಮಾಣದ ಉಪದೇಶ. ಅದನ್ನು ಕಂಠಪಾಠ ಮಾಡಿ ಬಿಷಪ್ಪನಿಗೆ ಒಪ್ಪಿಸಬೇಕು.

ಆಗ ಜೆರುಸಲೇಮಿನ ಬಿಷಪ್ಪನಾಗಿದ್ದವನು ಸಿರಿಲ್. ಮತವಿವಾದಗಳ ನಿಮಿತ್ತ ಮೂರು ಬಾರಿ ಗಡೀಪಾರಾಗಿ, 378ರಲ್ಲಿ ಹಿಂದಿರುಗಿದ ಅನುಭವವೃದ್ಧ. ಅವನ ಉಪದೇಶಮಾಲೆಯೊಂದು ಉಳಿದುಬಂದಿದೆ. ಅದರ ಪೀಠಿಕೆಯಲ್ಲಿ ಅವನು ಅಭ್ಯರ್ಥಿಗಳ ಮನಸ್ಸನ್ನು ಚೆನ್ನಾಗಿ ಅರಿತು ಮಾತನಾಡುತ್ತಾನೆ. ಯಾರಾದರೂ ಹೆಣ್ಣಿನ ಒಲವಿಗಾಗಿ, ಒಡೆಯನ ಮೆಚ್ಚುಗೆಗಾಗಿ ಅಥವಾ ಗೆಳೆಯನ ದಾಕ್ಷಿಣ್ಯಕ್ಕಾಗಿ ಬಂದಿದ್ದರೂ ತಾನು ಹಿಂದಕ್ಕೆ ಕಳಿಸುವುದಿಲ್ಲ. ಕಾರಣ ಯಾವುದಾದರೇನು, ಬಲೆಗಂತೂ ಬಿದ್ದಿರುವೆ, ಇನ್ನು ಉದ್ದೇಶವನ್ನು ತಿದ್ದಿಕೋ ಎಂಬುದು ಅವನ ಮಾತಿನ ತಾತ್ಪರ್ಯ. ತರಗತಿಗಳಲ್ಲಿ ಬಾಳು ಸವೆಸಿದ ನನ್ನಂಥವರಿಗೆ ಈ ಉಪಾಧ್ಯಾಯಧರ್ಮ ಕೂಡಲೇ ಮನಸ್ಸಿಗೆ ನಾಟುತ್ತದೆ.

ಈಸ್ಟರಿಗೆ ಮುಂಚಿನ ವಾರಕ್ಕೆ ಅಲ್ಲಿ ‘ಮಹಾವಾರ’ವೆಂದೇ ಹೆಸರು. ಭಾನುವಾರ ಮಧ್ಯಾಹ್ನ ಜನರೆಲ್ಲ ಎಣ್ಣೆಮರಗಳ ಗುಡ್ಡದಲ್ಲಿ ಸೇರಿ, ಸಂಜೆ ಬಿಷಪ್ಪನೊಡನೆ ಕಾಲುನಡಿಗೆಯಲ್ಲಿ ನಗರಕ್ಕೆ ಇಳಿದು ಬರುವರು. ಮಕ್ಕಳ ಕೈಯಲ್ಲಿ ಖರ್ಜೂರದ ಗರಿ, ಎಣ್ಣೆಮರದ ಕೊಂಬೆ. ನಡೆಯಲಾರದ ಹಸುಳೆಗಳು ಹೆತ್ತವರ ಹೆಗಲ ಮೇಲೆ. ವೃದ್ಧರು ದಣಿಯಬಾರದೆಂದು ಮೆರವಣಿಗೆ ಮೆಲ್ಲಮೆಲ್ಲನೆ ಸಾಗುವುದು. ಗುರುವಾರ ರಾತ್ರಿಯೆಲ್ಲ ಜಾಗರಣೆ; ಗೆತ್ಸೇಮನೆಯಲ್ಲಿ ಯೇಸುವನ್ನು ಹಿಡಿದ ಪ್ರಸಂಗವನ್ನು ಓದಿದಾಗ ಎದ್ದ ರೋದನ ನಗರದವರೆಗೂ ಕೇಳಿಸುವಂತಿತ್ತು. ಶುಕ್ರವಾರ ಶಿಲುಬೆಯ ಮರದ ದರ್ಶನ. ಬಿಷಪ್ಪನು ಅದರ ಎರಡು ತುದಿಗಳನ್ನು ಕೈಯಲ್ಲಿ ಒತ್ತಿ ಹಿಡಿದಿರುವನು. ಜನರು ಹಣೆಯನ್ನೂ ಕಣ್ಣುಗಳನ್ನೂ ಸೋಕಿಸಿ ಮುತ್ತಿಡಬಹುದು, ಕೈಯಿಂದ ಮುಟ್ಟುವಂತಿಲ್ಲ. ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಒಂದು ಚೂರನ್ನು ಕಚ್ಚಿಕೊಂಡು ಹೋದುದರಿಂದ ಈ ಕಾವಲು ಎಂದು ಎಗೇರಿಯಾ ಬರೆದಿದ್ದಾಳೆ. ಭಕ್ತಿಯ ಅತಿರೇಕವನ್ನು ಆಕೆ ಮುಚ್ಚಿಡುವುದಿಲ್ಲ.

ಶನಿವಾರ ರಾತ್ರಿಯ ಜಾಗರಣೆಯಲ್ಲಿ ದೀಕ್ಷಾಸ್ನಾನ. ಇದನ್ನು ಕುರಿತು ಆಕೆ ನಮ್ಮಲ್ಲಿರುವಂತೆಯೇ ಎಂದಷ್ಟೇ ಹೇಳಿ ಮುಂದೆ ಸಾಗುತ್ತಾಳೆ. ಆಕೆಯ ಸೋದರಿಯರಿಗೆ ತಿಳಿದಿದ್ದ ಸಂಗತಿ ನಮ್ಮ ಪಾಲಿಗೆ ಮರೆಯಾಯಿತು. ಆದರೆ ಮುಂದಿನ ವಾರದ ವಿವರ ದೊರೆಯುತ್ತದೆ. ಹಬ್ಬದ ಎಂಟು ದಿನಗಳಲ್ಲಿ ಹೊಸದಾಗಿ ದೀಕ್ಷೆ ಹೊಂದಿದವರು ಅನಾಸ್ತಾಸಿಸಿನಲ್ಲಿ ಕೂಡುವರು. ಬಾಗಿಲು ಮುಚ್ಚಲಾಗುವುದು. ಬಿಷಪ್ಪನು ಸಮಾಧಿಗುಹೆಯ ಒಳಗಟಾಂಜನಕ್ಕೆ ಒರಗಿ ನಿಂತು, ದೀಕ್ಷೆಯ ರಾತ್ರಿ ಅವರು ಹಾದುಬಂದ ಒಂದೊಂದು ಕ್ರಿಯೆಯ ಅರ್ಥವನ್ನೂ ಬಿಡಿಸಿ ಹೇಳುವನು. ಕೇಳುವವರು ಹರ್ಷೋದ್ಗಾರ ಮಾಡಿದ ಸದ್ದು ಮಂದಿರದ ಹೊರಗೂ ಕೇಳಿಸುತ್ತಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ವಾರಗಟ್ಟಲೆ ಪಾಠ ಹೇಳಿದ ಗುರು ಈ ಅರ್ಥವನ್ನು ಮುಂಚೆಯೇ ಏಕೆ ಹೇಳಲಿಲ್ಲ? ಸಿರಿಲನ ಹೆಸರಿನಲ್ಲಿ ಬಂದಿರುವ ಐದು ರಹಸ್ಯೋಪದೇಶಗಳಲ್ಲಿ ಇದಕ್ಕೆ ಉತ್ತರವಿದೆ. ಇವು ಸಿರಿಲನವೋ, ಅವನ ತರುವಾಯ ಬಂದ ಜಾನನವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಯಾರದೇ ಆಗಲಿ, ಮಾತು ಜೆರುಸಲೇಮಿನದು. ಕೇಳಿದುದಕ್ಕಿಂತ ಕಂಡುದು ಮನಸ್ಸನ್ನು ಗಟ್ಟಿಯಾಗಿ ಒಪ್ಪಿಸುತ್ತದೆ. ಆದಕಾರಣ ನೀವು ಕಾಣುವವರೆಗೆ ಕಾದೆನು ಎಂದು ಗುರು ಮೊದಲ ಉಪದೇಶದಲ್ಲಿಯೇ ತಿಳಿಸುತ್ತಾನೆ. ಪಶ್ಚಿಮಕ್ಕೆ ಮುಖಮಾಡಿ ಸೈತಾನನನ್ನು ತ್ಯಜಿಸಿದುದು, ಪೂರ್ವಕ್ಕೆ ತಿರುಗಿದುದು, ಮೂರು ಬಾರಿ ನೀರಿನಲ್ಲಿ ಮುಳುಗಿ ಎದ್ದುದು, ತೈಲಾಭ್ಯಂಜನ, ಎಡಗೈಯನ್ನು ಬಲಗೈಗೆ ಸಿಂಹಾಸನದಂತೆ ಹಿಡಿದು ಪ್ರಸಾದವನ್ನು ಸ್ವೀಕರಿಸುವ ಬಗೆ — ಎಲ್ಲಕ್ಕೂ ಅರ್ಥ ಹೇಳುತ್ತಾನೆ. ಮುಳುಗುವುದು ಸಮಾಧಿ, ಏಳುವುದು ಪುನರುತ್ಥಾನ. ಸಮಾಧಿಯ ಮುಂದೆಯೇ ನಿಂತು ಕೇಳಿದವರಿಗೆ ಈ ಮಾತು ಬರಿಯ ಉಪಮೆಯಾಗಿ ಉಳಿದಿರಲಾರದು. ಕ್ರಿಯೆ ಅನುಭವವಾದ ಮೇಲೆ ಬಂದ ಅರಿವು ಅದು.

ಭಾಷೆಯ ವಿಷಯದಲ್ಲಿಯೂ ಆ ಸಭೆ ತೋರಿದ ವಿವೇಕ ಸ್ಮರಣೀಯ. ಅಲ್ಲಿಯ ಜನರಲ್ಲಿ ಕೆಲವರು ಗ್ರೀಕನ್ನು ಮಾತ್ರ, ಕೆಲವರು ಸಿರಿಯಾಕನ್ನು ಮಾತ್ರ ಬಲ್ಲವರು. ಬಿಷಪ್ಪನಿಗೆ ಸಿರಿಯಾಕ್ ತಿಳಿದಿದ್ದರೂ ಗ್ರೀಕಿನಲ್ಲಿಯೇ ಮಾತನಾಡುವನು. ಪಕ್ಕದಲ್ಲಿ ನಿಂತ ಒಬ್ಬ ಪಾದ್ರಿ ಅದನ್ನು ಆಗಿಂದಾಗಲೇ ಸಿರಿಯಾಕಿನಲ್ಲಿ ಹೇಳುವನು. ಎರಡೂ ತಿಳಿಯದ ಲ್ಯಾಟಿನ್ ಜನಕ್ಕೆ ಬಲ್ಲ ಸೋದರ ಸೋದರಿಯರು ವಿವರಿಸುವರು. ಅರ್ಥವನ್ನು ಅನುಭವದ ನಂತರಕ್ಕೆ ಕಾದಿರಿಸಿದವರು ಭಾಷೆಯ ಕಾರಣದಿಂದ ಯಾರೂ ಅರ್ಥಕ್ಕೆ ಹೊರಗಾಗದಂತೆ ನೋಡಿಕೊಂಡರು.

ಎಂಟನೆಯ ದಿನವಾದ ಭಾನುವಾರ ಚೀಯೋನಿನ ಮಂದಿರದಲ್ಲಿ, ಕಂಡಲ್ಲದೆ ನಂಬೆನೆಂದ ತೋಮನ ಕಥೆಯ ವಾಚನ. ಆ ವಾರದ ಪಾಠಕ್ಕೆ ಇದಕ್ಕಿಂತ ಉಚಿತವಾದ ಮಂಗಳವಿಲ್ಲ. ಅಲ್ಲಿಂದ ಮುಂದೆ ಪಂಚಾಶತ್ತಮ ದಿನದವರೆಗೆ ಕಠಿಣ ವ್ರತಸ್ಥರು ಕೂಡ ಉಪವಾಸ ಮಾಡುವಂತಿಲ್ಲ. ಐವತ್ತನೆಯ ದಿನ ಬೆಳಗಿನಿಂದ ನಡುರಾತ್ರಿಯವರೆಗೆ ಒಂದು ಮಂದಿರದಿಂದ ಇನ್ನೊಂದಕ್ಕೆ ನಡೆದು, ಯೇಸುವಿನ ಸ್ವರ್ಗಾರೋಹಣದ ಗುಡ್ಡವನ್ನು ಹತ್ತಿ ಇಳಿದು, ಕತ್ತಲಾದ ಮೇಲೆ ದೀಪಗಳ ಬೆಳಕಿನಲ್ಲಿ ನಗರಕ್ಕೆ ಮರಳುವರು. ಮರುದಿನದಿಂದ ವಾಡಿಕೆಯ ಉಪವಾಸಗಳು ಪುನಃ ಆರಂಭ.

ಈ ಪದ್ಧತಿಯಲ್ಲಿ ಕುಂದಿಲ್ಲವೆಂದು ಹೇಳುವಂತಿಲ್ಲ. ಮುಚ್ಚಿದ ಬಾಗಿಲು ಕುತೂಹಲವನ್ನು ಕೆರಳಿಸುತ್ತದೆ. ರಾಜಾಶ್ರಯ ದೊರೆತ ಧರ್ಮದಲ್ಲಿ ಹೊರಗಿನ ವೈಭವ ಒಳಗಿನ ಸಾಧನೆಯನ್ನು ಮರೆಸುವ ಭಯವೂ ಇದ್ದೇ ಇದೆ. ಕಾಲಕ್ರಮದಲ್ಲಿ ಪದ್ಧತಿ ಬದಲಾಯಿತು. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ವಾಡಿಕೆ ಸಾರ್ವತ್ರಿಕವಾದಂತೆ, ಕಂಡುದನ್ನು ನೆನೆದು ಅರ್ಥ ಕೇಳುವ ವಯಸ್ಕರೇ ವಿರಳರಾದರು. ಪಶ್ಚಿಮದಲ್ಲಿ ಈಸ್ಟರ್ ಜಾಗರಣೆಯೇ ಕ್ರಮೇಣ ಶನಿವಾರದ ಬೆಳಗಿಗೆ ಸರಿದು, ಹಗಲಿನಲ್ಲಿ ದೀಪ ಹಚ್ಚುವ ವಿಪರ್ಯಾಸ ಒದಗಿತು. ಕಾನ್‌ಸ್ಟಂಟೈನನ ಮಂದಿರವೂ 1009ರಲ್ಲಿ ಖಲೀಫ ಅಲ್ ಹಾಕಿಮನ ಆಜ್ಞೆಯಿಂದ ನೆಲಸಮವಾಯಿತು. ಇಂದು ಕಾಣುವುದು ಬಹುಮಟ್ಟಿಗೆ ಅನಂತರದ ಕಟ್ಟಡ. ಸಮಾಧಿಯ ಮೇಲಿನ ಚಿಕ್ಕ ಗುಡಿಯನ್ನು 2016–17ರಲ್ಲಿ ಜೀರ್ಣೋದ್ಧಾರ ಮಾಡಲಾಯಿತು.

ಕಟ್ಟಡಕ್ಕಿಂತ ಮೊದಲೇ ಪದ್ಧತಿಯ ಜೀರ್ಣೋದ್ಧಾರ ನಡೆದಿತ್ತು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಜಾಗರಣೆಯನ್ನು ರಾತ್ರಿಗೆ ಮರಳಿಸಲು ಅನುಮತಿಯಿತ್ತರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಪೂಜೆಯಲ್ಲಿ ಎಡೆ ಮಾಡಿಕೊಟ್ಟಿತು; ನಮ್ಮ ನಾಡಿನ ಕ್ಯಾಥೊಲಿಕ್ ದೇವಾಲಯಗಳಲ್ಲಿ ಕನ್ನಡದ ಪೂಜೆ ನೆಲೆಗೊಂಡುದು ಇದರ ಫಲ. 1972ರಲ್ಲಿ ಹೊರಬಂದ ವಯಸ್ಕರ ದೀಕ್ಷಾವಿಧಿಯಲ್ಲಿ, ದೀಕ್ಷೆಯ ನಂತರದ ಈಸ್ಟರ್ ಕಾಲವನ್ನು ಅರ್ಥಚಿಂತನೆಗೆಂದೇ ಮೀಸಲಿಡಲಾಯಿತು. ಸಾವಿರದ ಆರುನೂರು ವರ್ಷಗಳ ಹಿಂದೆ ಗುಹೆಯ ಮುಂದೆ ನಡೆದ ಪಾಠಕ್ರಮಕ್ಕೆ ಈ ರೀತಿ ಮರುಜೀವ ಬಂದಿತು.

ಹಬ್ಬ ಬಂದ ಮೇಲೆ ಏನು ಮಾಡಬೇಕೆಂಬ ಪ್ರಶ್ನೆಗೆ ಜೆರುಸಲೇಮಿನ ಉತ್ತರ ಇದು: ಆದುದನ್ನು ನೆನೆಯಬೇಕು, ನೆನೆದುದರ ಅರ್ಥವನ್ನು ಬಲ್ಲವರಿಂದ ತಿಳಿಯಬೇಕು, ತಿಳಿದ ಮೇಲೆ ದೈನಂದಿನ ನೇಮಕ್ಕೆ ಹಿಂದಿರುಗಬೇಕು. ಕ್ರಿಯೆಯನ್ನು ಬಿಟ್ಟ ವ್ಯಾಖ್ಯಾನ ಒಣಮಾತಾಗುತ್ತದೆ. ವ್ಯಾಖ್ಯಾನವಿಲ್ಲದ ಕ್ರಿಯೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಬರಿಯ ರೂಢಿಯಾಗುತ್ತದೆ. ಇವೆರಡನ್ನೂ ಯಾವ ಅನುಕ್ರಮದಲ್ಲಿ ಕೂಡಿಸಬೇಕೆಂಬುದನ್ನು ಅರಿತು ನಡೆದ ಒಂದು ಸಭೆಯ ಚಿತ್ರವನ್ನು ದೂರದೇಶದ ಯಾತ್ರಿಕಳೊಬ್ಬಳು ನಮಗೆ ಉಳಿಸಿಕೊಟ್ಟಿದ್ದಾಳೆ. ಯಾವ ಮಾರ್ಗದ ಸಾಧಕರಿಗೂ ಅದು ಮನನಯೋಗ್ಯವಾದುದು.