ಚೀಲಕ್ಕೊಂದು ಹೆಸರು

ಹೆಂಗಸರಿಗೆಂದು ಹೊಸ ಪತ್ರಿಕೆ ಹೊರಟಾಗಲೆಲ್ಲ ಅದರ ಬಗ್ಗೆ ಮೊದಲು ಮಾತಾಡುವವರು ಅದನ್ನು ಕೊಳ್ಳದವರು. ‘ವೋಗ್’ ನಮ್ಮ ದೇಶಕ್ಕೆ ಬಂದಾಗಲೂ ಹಾಗೆಯೇ ಆಯಿತು.

ಅಮೆರಿಕದಲ್ಲಿ 1892ರಲ್ಲಿ ಹುಟ್ಟಿದ ಈ ಫ್ಯಾಶನ್ ಪತ್ರಿಕೆ ಇಂಡಿಯಾದ ಆವೃತ್ತಿ ತಂದದ್ದು 2007ರಲ್ಲಿ. ಅಕ್ಟೋಬರಿನ ಮೊದಲ ಸಂಚಿಕೆಯ ಮುಖಪುಟದಲ್ಲಿ ಬಿಪಾಶಾ ಬಸು, ಪ್ರಿಯಾಂಕಾ ಚೋಪ್ರಾ, ಅವರ ಜೊತೆಗೆ ಆಸ್ಟ್ರೇಲಿಯಾದ ಬಿಳಿ ಹುಡುಗಿ ಜೆಮ್ಮಾ ವಾರ್ಡ್. ಮಡಿಕೆ ಬಿಚ್ಚಿದರೆ ಇನ್ನೂ ಮೂವರು. ಅವರಲ್ಲಿ ಲಕ್ಷ್ಮೀ ಮೆನನ್ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದವರು. ದೇಶ ಜಗತ್ತಿನ ಸಾಲಿಗೆ ಬಂತು ಎಂದು ಕೆಲವರು ಹಿಗ್ಗಿದರು. ನಮ್ಮ ದೇಶದ ಮೊದಲ ಸಂಚಿಕೆಗೂ ಬಿಳಿ ಚರ್ಮವೇ ಬೇಕಿತ್ತೇ ಎಂದು ಕೆಲವರು ಕೇಳಿದರು.

ನಮ್ಮ ಶಿವಮೊಗ್ಗದ ಕೋಟೆಯ ಬೀದಿಗೆ ಅದು ಬಂದದ್ದು ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಪಕ್ಕದ ಮನೆ ಹುಡುಗಿಯ ಬ್ಯಾಗಿನಲ್ಲಿ, ದೀಪಾವಳಿಯ ರಜೆಗೆ. ಅವಳ ಅಜ್ಜಿ ಎರಡೂ ಕೈಯಲ್ಲಿ ಎತ್ತಿ ನೋಡಿ, “ಏನೇ ಇದು, ಮಹಾಭಾರತದಷ್ಟು ಭಾರ ಇದೆಯಲ್ಲೇ!” ಎಂದರು. ಅವಳ ತಾಯಿ ಬೆಲೆ ಹುಡುಕಿದರು. ಕೆಲವು ಉಡುಪಿನ ಕೆಳಗೆ, ಬೆಲೆಯನ್ನು ವಿಚಾರಿಸಿ ತಿಳಿಯಬೇಕೆಂದು ಅಚ್ಚಾಗಿತ್ತು. “ವಿಚಾರಿಸಬೇಕು ಅಂದರೆ ವಿಚಾರಿಸಬಾರದು ಅಂತ ಅರ್ಥ ಕಣ್ರೀ” ಎಂದು ನಕ್ಕರು. ಬೀದಿಯಲ್ಲಿ ಬ್ಲೌಸ್ ಹೊಲಿದುಕೊಡುವ ಗೆಳತಿ ಮಾತ್ರ ಬೆಲೆಯನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಒಂದು ತೋಳಿನ ನೆರಿಗೆ ಎಲ್ಲಿಂದ ಎದ್ದಿದೆ ಎಂದು ಬೆರಳಿಟ್ಟು ನೋಡಿದಳು. ಮುಂದಿನ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಆ ತೋಳು ನಮ್ಮ ಬೀದಿಯ ನಾಲ್ಕಾರು ಹೆಂಗಸರ ಮೈಮೇಲಿತ್ತು.

ಇಷ್ಟು ಸಲೀಸಾಗಿ ನಗುವ ಕಾಲ ಅದಕ್ಕೂ ಮೊದಲು ಇರಲಿಲ್ಲ. 1996 ನೆನಪಿರಬಹುದು. ಆ ವರ್ಷ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ನಡೆಸಿದ್ದು ಅಮಿತಾಭ್ ಬಚ್ಚನ್ನರ ಕಂಪನಿ. ರೈತಸಂಘದ ಪ್ರೊ. ನಂಜುಂಡಸ್ವಾಮಿಯವರು ವಿರೋಧಿಸಿದರು, ಸಂಸ್ಕೃತಿಯ ಹೆಸರಿನಲ್ಲಿ ಕೆಲವರು ವಿರೋಧಿಸಿದರು, ಹೆಣ್ಣು ಮಾರಾಟದ ಸರಕಲ್ಲ ಎಂದು ಸ್ತ್ರೀವಾದಿಗಳೂ ವಿರೋಧಿಸಿದರು. ಮದುರೈಯಲ್ಲಿ ಒಬ್ಬ ತರುಣ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆಯ ಸುತ್ತನ್ನು ದೂರದ ಸೇಶೆಲ್ಸ್ ದ್ವೀಪಗಳಿಗೆ ಸಾಗಿಸಿ, ಪೊಲೀಸ್ ಕಾವಲಿನಲ್ಲಿ ಉಳಿದದ್ದನ್ನು ಮುಗಿಸಿದರು. ಕಿರೀಟ ಗ್ರೀಸಿನ ಹುಡುಗಿಗೆ ಹೋಯಿತು. ಮರುತಿಂಗಳೇ ಫ್ರಾನ್ಸಿನ ಮೂಲದ ಫ್ಯಾಶನ್ ಪತ್ರಿಕೆ ‘ಎಲ್’ ಇಂಡಿಯಾದಲ್ಲಿ ಹೊರಟಿತು. ಅದಕ್ಕೆ ಯಾರೂ ರಸ್ತೆ ತಡೆಯಲಿಲ್ಲ. ಸ್ಪರ್ಧೆ ಒಂದು ರಾತ್ರಿಯದು. ಪತ್ರಿಕೆ ತಿಂಗಳು ತಿಂಗಳೂ ಮನೆಯೊಳಗೆ ಬರುವಂಥದು.

ಕನ್ನಡದಲ್ಲಿ ಹೆಂಗಸರ ಪತ್ರಿಕೆಯ ಹುಟ್ಟೇ ಬೇರೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ತೊಡಗಿದರು, ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ ನಡೆಸಿದರು. ಲಂಡನ್ನಿನಲ್ಲಿ ವೋಗ್ ಪತ್ರಿಕೆಯ ಬ್ರಿಟಿಷ್ ಆವೃತ್ತಿ ಹೊರಟದ್ದು 1916ರಲ್ಲಿ, ಹೆಚ್ಚುಕಡಿಮೆ ಅದೇ ಕಾಲ. ಅಲ್ಲಿ ಟೋಪಿ, ಗೌನುಗಳ ಚಿತ್ರ. ಇಲ್ಲಿ ಹೆಣ್ಣುಮಕ್ಕಳು ಓದಬೇಕೇ ಬೇಡವೇ ಎಂಬ ಚರ್ಚೆ. ಆಮೇಲೆ ಆರ್. ಕಲ್ಯಾಣಮ್ಮನವರ ‘ಸರಸ್ವತಿ’ ಬಂತು. ಅದನ್ನವರು ನಲವತ್ತು ವರ್ಷ ನಡೆಸಿದರು. ಈ ಪತ್ರಿಕೆಗಳಲ್ಲಿ ಉಪದೇಶ ಕೊಂಚ ಹೆಚ್ಚೇ ಇತ್ತು, ನಿಜ. ಆದರೆ ಹೆಂಗಸಿನ ಮಾತು ಅಚ್ಚಾಗುವುದೇ ಅಂದು ದೊಡ್ಡದು. ಅಚ್ಚಾದರೂ ಸ್ವಂತ ಹೆಸರು ಹಾಕಲು ಅಳುಕು. ಕೊಡಗಿನ ಗೌರಮ್ಮ ತಮ್ಮ ಕಥೆಗಳಿಗೆ ಹಾಕುತ್ತಿದ್ದ ಹೆಸರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ಹೆಸರನ್ನು ಗಳಿಸಿಕೊಳ್ಳುವುದೇ ನಮ್ಮ ಬರೆಯುವ ಹೆಂಗಸರ ಅರ್ಧ ಇತಿಹಾಸ.

ನಾವು ಓದಿ ಬೆಳೆದ ವಾರಪತ್ರಿಕೆಗಳ ಕಾಗದಕ್ಕೆ ಹೊಳಪಿರಲಿಲ್ಲ. ಹಳದಿಗೆ ತಿರುಗುವ ನ್ಯೂಸ್‌ಪ್ರಿಂಟ್. ಅದು ಎಲ್ಲಿಂದ ಬರುತ್ತಿತ್ತೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಸ್ಥಾಪನೆಯಾಯಿತು, 1981ರಿಂದ ನ್ಯೂಸ್‌ಪ್ರಿಂಟನ್ನೂ ತಯಾರಿಸಿತು. ಪೇಪರ್ ಟೌನಿನ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಆ ಸಂಬಳದಿಂದ. ಹೊಲಿಗೆ ಕ್ಲಾಸಿನಲ್ಲಿ ಬಟ್ಟೆಗೆ ಕತ್ತರಿ ಹಾಕುವ ಮೊದಲು ನಮಗೆ ಕಟಿಂಗ್ ಕಲಿಸುತ್ತಿದ್ದದ್ದು ಹಳೆಯ ಪೇಪರಿನ ಮೇಲೆ. ಎದೆ, ಸೊಂಟ, ತೋಳಿನ ಅಳತೆಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಕತ್ತರಿಸಿ, ಗುಂಡುಪಿನ್ನಿನಲ್ಲಿ ಜೋಡಿಸುವುದು. ಕಾಗದದ ಮೇಲಿನ ಸುದ್ದಿ ಹಳತಾದ ಮೇಲೂ ಅದಕ್ಕೆ ಹೀಗೊಂದು ಬಾಳು ಇತ್ತು. 2015ರ ಸುಮಾರಿಗೆ ಕಾರ್ಖಾನೆಯ ಯಂತ್ರಗಳು ನಿಂತವು.

ವೋಗ್ ಬಂದ ಮರುವರ್ಷ ನಡೆದದ್ದಕ್ಕೆ ಮಾತ್ರ ನಗಲಾಗಲಿಲ್ಲ. 2008ರ ಆಗಸ್ಟ್ ಸಂಚಿಕೆಯಲ್ಲಿ ಬಡವರನ್ನು ನಿಲ್ಲಿಸಿ ತೆಗೆದ ಚಿತ್ರಗಳ ಸರಣಿಯೊಂದು ಬಂತು. ಮೇಲಿನ ಮುಂಬಲ್ಲು ಉದುರಿದ ಅಜ್ಜಿಯೊಬ್ಬರ ತೋಳಿನಲ್ಲಿ ಮಗು. ಮಗುವಿನ ಕೊರಳಿಗೆ ಇಟಲಿಯ ಫೆಂಡಿ ಕಂಪನಿಯ ಜೊಲ್ಲುಬಟ್ಟೆ, ಅಂದಿನ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಗೂ ಹೆಚ್ಚು. ಬರಿಗಾಲಿನ ಮುದುಕನೊಬ್ಬನ ಕೈಯಲ್ಲಿ ಎಂಟು ಸಾವಿರಕ್ಕೂ ಮೀರಿದ ಬರ್ಬೆರಿ ಕೊಡೆ. ಮೋಟರ್‌ಬೈಕಿನ ಮೇಲೆ ಒತ್ತಿ ಕೂತ ಮೂವರ ಸಂಸಾರ. ಹಿಂದೆ ಒಂದು ಬದಿಗೆ ಕಾಲಿಳಿಬಿಟ್ಟ ಹೆಂಗಸಿನ ಮುಂಗೈಯಲ್ಲಿ ಹರ್ಮೆಸ್ ಕಂಪನಿಯ ‘ಬರ್ಕಿನ್’ ಚೀಲ, ನಾಲ್ಕು ಲಕ್ಷಕ್ಕೂ ಮೇಲೆ.

ದೆಹಲಿಯ ಅಂಕಣಕಾರ್ತಿಯೊಬ್ಬರು ಇದನ್ನು ಖಂಡಿಸಿದರು. ನ್ಯೂಯಾರ್ಕ್ ಟೈಮ್ಸ್ ಅದನ್ನೇ ಸುದ್ದಿ ಮಾಡಿತು. ಫ್ಯಾಶನ್ ಶ್ರೀಮಂತರ ಸೊತ್ತಲ್ಲ, ಯಾರು ಬೇಕಾದರೂ ಧರಿಸಿ ಮೆರೆಯಬಹುದು, ಇದನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಡಿ ಎಂಬ ಅರ್ಥದ ಉತ್ತರ ಸಂಪಾದಕಿಯಿಂದ ಬಂತು.

ಬಡವರಿಗೆ ಒಳ್ಳೆಯ ವಸ್ತು ಒಪ್ಪುವುದಿಲ್ಲ ಎನ್ನುವವಳು ನಾನಲ್ಲ. ಜಾತ್ರೆಗೆ ಹೊಸ ಸೀರೆ ಉಟ್ಟು ಬರುವ ಕೂಲಿಯ ಹೆಂಗಸಿನ ನಡಿಗೆ ನೋಡಿದವರು ಯಾರೂ ಹಾಗೆನ್ನಲಾರರು. ನನ್ನನ್ನು ಚುಚ್ಚಿದ್ದು ಬೇರೆ. ಚಿತ್ರದಲ್ಲಿ ಚೀಲದ ಹೆಸರು ಇತ್ತು, ಕೊಡೆಯ ಹೆಸರು ಇತ್ತು, ಜೊಲ್ಲುಬಟ್ಟೆಯ ಹೆಸರೂ ಇತ್ತು. ಮನುಷ್ಯರ ಹೆಸರು ಮಾತ್ರ ಇರಲಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಆಸ್ಪತ್ರೆಗೋ ಮದುವೆಗೋ ಬೈಕಿನಲ್ಲಿ ಹೀಗೇ ಬದಿಗೆ ಕೂತು ಬರುವ ಎಷ್ಟು ಹೆಂಗಸರ ಹೆಸರು ನಮಗೆ ಗೊತ್ತು! ಸಂಬಳ ನಿಂತ ಮನೆಯವರು, ಹೊಲಿಗೆ ಮಿಷನ್ನಿನಿಂದ ಮಕ್ಕಳ ಫೀಸು ಕಟ್ಟಿದವರು. ಅವರನ್ನು ‘ಒಬ್ಬ ಹೆಂಗಸು’ ಎಂದು ಕರೆದು ಮುಂಗೈಯ ಚೀಲವನ್ನು ಮಾತ್ರ ಹೆಸರಿಟ್ಟು ಕರೆಯುವುದು ಯಾವ ಮರ್ಯಾದೆ? ತಿರುಮಲಾಂಬ, ಕಲ್ಯಾಣಮ್ಮ ಅವರ ಪತ್ರಿಕೆಗಳು ಹೆಂಗಸರಿಗೆ ಏನೇ ಬುದ್ಧಿ ಹೇಳಿರಲಿ, ಅವರನ್ನು ವಸ್ತು ತೂಗುಹಾಕುವ ಗೂಟ ಮಾಡಿರಲಿಲ್ಲ.

ಹೊಸ ಪತ್ರಿಕೆಗಳು ಇನ್ನೂ ಬರುತ್ತವೆ. ತೋಳಿನ ನೆರಿಗೆಯನ್ನು ನನ್ನ ಗೆಳತಿ ಇನ್ನೂ ಬೆರಳಿಟ್ಟು ನೋಡುತ್ತಾಳೆ, ನೋಡಲಿ. ಕಣ್ಣಿಗೆ ಚೆಂದ ಕಂಡದ್ದು ನಮ್ಮದಾಗಬಾರದೆಂದೇನಿಲ್ಲ. ಆದರೆ ಜೊಲ್ಲುಬಟ್ಟೆ ಕಟ್ಟಿಸಿಕೊಂಡ ಆ ಮಗು ಈಗ ಬೆಳೆದು ದೊಡ್ಡದಾಗಿರಬೇಕು. ಆ ಪುಟವನ್ನು ಯಾರಾದರೂ ಅದಕ್ಕೆ ತೋರಿಸಿದ್ದಾರೋ, ಹೊತ್ತು ನಿಂತ ಅಜ್ಜಿಯ ಹೆಸರು ಕೇಳಿದ್ದಾರೋ.