ಬಿಸಿಲಿಗೆ ಯಾವುದು, ನೆರಳಿಗೆ ಯಾವುದು?

1/4
ತಂದ ಗಿಡ ತಿಂಗಳಲ್ಲೇ ಸೊರಗಿದ್ರೆ ನಾವು ಮೊದಲು ಬೈಯೋದು ಮಣ್ಣನ್ನ, ಆಮೇಲೆ ಗೊಬ್ಬರವನ್ನ. ಇಟ್ಟ ಜಾಗಕ್ಕೆ ಬೆಳಕು ಎಷ್ಟು ಬೀಳುತ್ತೆ ಅಂತ ಕೇಳೋದೇ ಇಲ್ಲ, ಅಲ್ವಾ? ಒಂದು ಋತುವಿಗೆ ಮುಗಿಯೋ ಚೆಂಡುಹೂವಾದ್ರೆ ಪರವಾಗಿಲ್ಲ. ಬಹುವಾರ್ಷಿಕ ಗಿಡ ಹಾಗಲ್ಲ, ಇಟ್ಟ ಕಡೆಯೇ ವರ್ಷಗಟ್ಟಲೆ ಬಾಳಬೇಕು. ಈ ಪಾಠವನ್ನು ಇಂಗ್ಲೆಂಡಿನ ತೋಟಗಾರರಿಗೆ ಮನದಟ್ಟು ಮಾಡಿದವರಲ್ಲಿ ಬೆತ್ ಚಾಟೊ (1923–2018) ಪ್ರಮುಖರು.

2/4
1960ರಲ್ಲಿ ಅವರು ಎಸೆಕ್ಸ್ ಕೌಂಟಿಯಲ್ಲಿ ತೋಟ ಶುರು ಮಾಡಿದಾಗ ಅದು ಪಾಳು ಜಾಗ. ಒಂದು ಕಡೆ ಬಿಸಿಲಿಗೆ ಕಾಯುವ ಜಲ್ಲಿಮಣ್ಣು, ಇನ್ನೊಂದು ಕಡೆ ಜೌಗು, ಮತ್ತೊಂದು ಕಡೆ ಹಳೇ ಓಕ್ ಮರಗಳ ನೆರಳು. ಬೆತ್ ಜಾಗವನ್ನು ಗಿಡಕ್ಕೆ ಹೊಂದಿಸಲು ಹೋಗಲಿಲ್ಲ, ಜಾಗಕ್ಕೆ ಹೊಂದುವ ಗಿಡ ಹುಡುಕಿದರು. ಯಾವ ಗಿಡ ಯಾವ ಕಾಡಲ್ಲಿ, ಯಾವ ಗುಡ್ಡದಲ್ಲಿ ತಾನಾಗಿ ಬೆಳೆಯುತ್ತೆ ಅನ್ನೋದು ಗಂಡ ಆಂಡ್ರ್ಯೂ ಅವರ ಜೀವಮಾನದ ಅಧ್ಯಯನ. ಆ ತಿಳಿವಳಿಕೆಯೇ ತೋಟಕ್ಕೆ ಆಧಾರವಾಯ್ತು.

3/4
ಮೆಡಿಟರೇನಿಯನ್ ಗುಡ್ಡಗಳ ಲ್ಯಾವೆಂಡರ್‌ಗೆ ಬಿಸಿಲು. ಅದರ ಸಣ್ಣ ಬೂದು ಎಲೆ ನೀರನ್ನು ಜೋಪಾನ ಮಾಡುತ್ತೆ. ಅಗಲ ಎಲೆಯ ಹೋಸ್ಟಾಗೆ, ಜರೀಗಿಡಗಳಿಗೆ ನೆರಳು. ಹೆಲೆಬೋರ್ ಇನ್ನೂ ಜಾಣ: ಓಕ್ ಚಿಗುರುವ ಮುಂಚೆ ನೆಲಕ್ಕೆ ಬೀಳೋ ಬೆಳಕಲ್ಲೇ ಹೂ ಬಿಡುತ್ತೆ. ಅಂದ್ರೆ ಮರದಡಿಯ ನೆರಳು ವರ್ಷವಿಡೀ ಒಂದೇ ಥರ ಇರಲ್ಲ!

1990ರ ದಶಕದ ಆರಂಭದಲ್ಲಿ ಬೆತ್ ತಮ್ಮ ಕಾರ್ ಪಾರ್ಕಿಂಗ್ ಜಾಗವನ್ನೇ ಜಲ್ಲಿ ತೋಟ ಮಾಡಿದರು. ಗಿಡ ಬೇರೂರಿದ ಮೇಲೆ ಬರ ಬಂದರೂ ನೀರು ಹಾಯಿಸಲಿಲ್ಲ. ಅದಕ್ಕೂ ಮುಂಚೆ, 1977 ಮತ್ತು 1987ರ ನಡುವೆ, ಲಂಡನ್ನಿನ ಚೆಲ್ಸಿ ಹೂಪ್ರದರ್ಶನದಲ್ಲಿ ಅವರಿಗೆ 10 ಚಿನ್ನದ ಪದಕ ಬಂದಿತ್ತು.

4/4
ಹಾಗಂತ ಇಂಗ್ಲೆಂಡಿನ ಲೆಕ್ಕವನ್ನು ಹಾಗೇ ತಂದು ನಿಮ್ಮ ಬಾಲ್ಕನಿಗೆ ಅಂಟಿಸಬೇಡಿ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರ್ತಾನೆ. ಅದಕ್ಕೇ ಅಲ್ಲಿನ ಪುಸ್ತಕಗಳಲ್ಲಿ ದಕ್ಷಿಣದ ಗೋಡೆ ಅಂದ್ರೆ ಬಿಸಿಲು, ಉತ್ತರ ಅಂದ್ರೆ ನೆರಳು. ಬೆಂಗಳೂರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅದೇ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲ್ತಾನೆ. ಡಿಸೆಂಬರಿನಲ್ಲಿ ತಣ್ಣಗಿದ್ದ ಉತ್ತರದ ಮೂಲೆಗೆ ಮೇ ತಿಂಗಳಲ್ಲಿ ಬಿಸಿಲು ಬೀಳಬಹುದು. ನೆರಳಿನ ಗಿಡ ಅಲ್ಲಿದ್ರೆ ಎಲೆ ಸುಟ್ಟು ಹೋಗುತ್ತೆ.

ಬೆತ್ ಅವರಿಂದ ಕಲಿಯಬೇಕಾದ್ದು ಗಿಡಗಳ ಪಟ್ಟಿಯನ್ನಲ್ಲ, ನೋಡೋ ಅಭ್ಯಾಸವನ್ನ. ಒಂದು ರಜೆ ದಿನ ಬೆಳಗ್ಗೆ 8, ಮಧ್ಯಾಹ್ನ 12, ಸಂಜೆ 4ಕ್ಕೆ ಒಂದೇ ಜಾಗದ ಫೋಟೋ ತೆಗೀರಿ. ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ. ನರ್ಸರಿಗೆ ಹೋಗೋದು ಆಮೇಲೆ.

ನಿಮ್ಮ ಬಾಲ್ಕನಿ ಯಾವ ದಿಕ್ಕಿಗಿದೆ? ಕೆಳಗೆ ಬರೀರಿ 🌿

#ತೋಟದಇತಿಹಾಸ #ಬಿಸಿಲುನೆರಳು